ಎದುರಿಗೆ ಬಂದವರಿಗೆ ‘ಆರಾಮ್ರಿ?’ ಎನ್ನಲು ನಾಚಿಕೆ ಯಾಕೆ?

ಕನ್ನಡದ ತರುಣ ಮಿತ್ರರೇ,

ಬೆಳಿಗ್ಗೆ ಹತ್ತು ಗಂಟೆಗೆ ನೀವು ಆಫೀಸಿಗೆ ಕಾಲಿಡುತ್ತೀರಿ. ಕಾರಿಡಾರಿನಲ್ಲಿ ಒಬ್ಬ ಎದುರು ಬರುತ್ತಾನೆ. ಅವನೂ ಕನ್ನಡದವನೇ. ಅವನದು ಬಾದಾಮಿ, ನಿಮ್ಮದು ಹುನಗುಂದ. ‘ಗುಡ್ ಮಾರ್ನಿಂಗ್’ ಎನ್ನುತ್ತೀರಿ. ಅವನೂ ‘ಗುಡ್ ಮಾರ್ನಿಂಗ್’ ಎನ್ನುತ್ತಾನೆ. ಹನ್ನೊಂದು ಗಂಟೆಗೆ ಚಹಾಕ್ಕೆ ಹೊರಟಾಗ ಅದೇ ಮನುಷ್ಯ ಮತ್ತೆ ಎದುರು! ಈಗ ಏನು ಹೇಳುವುದು? ಗುಡ್ ಮಾರ್ನಿಂಗಿನ ಕೋಟಾ ಮುಗಿಯಿತು. ಸುಮ್ಮನೆ ಹಲ್ಲು ಕಿರಿಯುತ್ತೀರಿ. ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಎದುರು. ಈ ಸಲ ನೀವು ಜೇಬಿನಿಂದ ಮೊಬೈಲ್ ತೆಗೆದು ಏನೋ ಓದುವವರಂತೆ ನಟಿಸುತ್ತೀರಿ. ಅವನು ಗೋಡೆಯ ಮೇಲಿನ ನೋಟಿಸ್ ಓದುವವನಂತೆ ನಟಿಸುತ್ತಾನೆ. ಬಾಗಲಕೋಟೆ ಜಿಲ್ಲೆಯ ಇಬ್ಬರು ಗಟ್ಟಿ ಕನ್ನಡಿಗರು, ಕದ್ದು ಸಿಕ್ಕಿಬಿದ್ದವರ ಹಾಗೆ, ಒಬ್ಬರ ಕಣ್ಣು ಒಬ್ಬರು ತಪ್ಪಿಸಿ ನಡೆಯುತ್ತಾರೆ.

ಎರಡು ಸಾವಿರ ವರ್ಷಗಳ ಭಾಷೆ ನಮ್ಮದು ಎಂದು ವೇದಿಕೆ ಹತ್ತಿ ಭಾಷಣ ಬಿಗಿಯುತ್ತೇವೆ. ಆ ಭಾಷೆಯಲ್ಲಿ ಎದುರು ಬಂದ ಒಬ್ಬ ಮನುಷ್ಯನನ್ನು ದಿನಕ್ಕೆ ಮೂರು ಸಲ ಮಾತಾಡಿಸಲು ಮೂರು ಮಾತು ಇಲ್ಲವೇ? ಇವೆ ಸ್ವಾಮಿ! ಮೂರಲ್ಲ, ಮೂವತ್ತು ಇವೆ. ಅವನ್ನೆಲ್ಲ ಊರಿನ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ನೀವು ಬೆಂಗಳೂರಿನ ಬಸ್ ಹತ್ತಿದ್ದೀರಿ.

ಇದು ಸಣ್ಣ ವಿಷಯ ಎಂದು ಪುಟ ತಿರುವಬೇಡಿ. ನಾನು ಇಳಕಲ್ಲಿನಲ್ಲಿ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಭಾಷಾಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಅಂಗಡಿಯ ಬಾಗಿಲಲ್ಲಿ ಇಷ್ಟು ವರ್ಷ ಕುಳಿತು ಒಂದು ಮಾತು ಖಚಿತವಾಗಿ ಕಲಿತಿದ್ದೇನೆ. ಒಳಗೆ ಬಂದವನ ಮೊದಲ ಮಾತು ಯಾವ ಭಾಷೆಯದೋ, ವ್ಯವಹಾರ ಮುಗಿಯುವವರೆಗೂ ಅದೇ ಭಾಷೆ ನಡೆಯುತ್ತದೆ. ‘ಏನ್ರಿ, ಆರಾಮ್ರಿ?’ ಎಂದು ಬಂದವನು ಮದುವೆ ಪತ್ರಿಕೆಯ ದರವನ್ನೂ ಕನ್ನಡದಲ್ಲೇ ಚೌಕಾಸಿ ಮಾಡುತ್ತಾನೆ. ‘ಹಾಯ್’ ಎಂದು ಬಂದವನು ತನ್ನ ಮನೆತನದ ಹೆಸರನ್ನೂ ಇಂಗ್ಲಿಷಿನಲ್ಲೇ ಬರೆದುಕೊಡುತ್ತಾನೆ. ಮೊದಲ ಮಾತು ಹೋದರೆ ಅದರ ಹಿಂದೆ ಇಡೀ ಭಾಷೆ ಹೋಗುತ್ತದೆ.

ಬೋರ್ಡಿಗೆ ಶೇಕಡಾ 60, ಬಾಯಿಗೆ ಎಷ್ಟು?

2024ರಲ್ಲಿ ಕಾನೂನು ಬಂತು. ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು. ಒಳ್ಳೆಯದೇ. ಹೋರಾಡಿ ಪಡೆದದ್ದು. ಆದರೆ ಆ ಬೋರ್ಡಿನ ಕೆಳಗೆ ನಿಂತ ಕನ್ನಡದ ಹುಡುಗನ ಬಾಯಲ್ಲಿ ಶೇಕಡಾ ಎಷ್ಟು ಇದೆ? ಗಿರಾಕಿ ಬಂದರೆ ‘ಯೆಸ್ ಸರ್, ಟೆಲ್ ಮಿ’. ಪಕ್ಕದ ಅಂಗಡಿಯವನು ಬಂದರೆ ‘ಹಾಯ್ ಬ್ರೋ’. ಬೇರೆ ರಾಜ್ಯದಿಂದ ಬಂದ ಮ್ಯಾನೇಜರ್ ಕನ್ನಡ ಮಾತಾಡಲಿಲ್ಲ ಎಂದು ಬ್ಯಾಂಕಿನ ಮುಂದೆ ಧರಣಿ ಕೂರುತ್ತೇವೆ. ಕೂರಲೇಬೇಕು. ಆದರೆ ಅದೇ ಬ್ಯಾಂಕಿನಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಕುಳಿತ ಇಬ್ಬರು ಕನ್ನಡಿಗರು ದಿನವಿಡೀ ‘ಹಾಯ್’, ‘ಬಾಯ್’, ‘ಗುಡ್ ಮಾರ್ನಿಂಗ್’ ಮಾಡಿಕೊಂಡಿದ್ದರೆ, ಹೊರಗಿನಿಂದ ಬಂದವನು ಕನ್ನಡವನ್ನು ಯಾರ ಬಾಯಿಂದ ಕೇಳಿ ಕಲಿಯಬೇಕು? ಕಿವಿಗೆ ಬೀಳದ ಭಾಷೆಯನ್ನು ಯಾರೂ ಕಲಿತಿಲ್ಲ.

ಹೊತ್ತಿಗೊಂದು ಮಾತು

ನಮ್ಮ ಕಡೆಯ ಮಾತುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಬೆಳಿಗ್ಗೆ ಎದುರಾದರೆ ‘ಶರಣ್ರಿ’, ‘ನಮಸ್ಕಾರ್ರಿ’, ‘ಸಲಾಮ್ರಿ’. ಸ್ವಲ್ಪ ಹೊತ್ತಾದ ಮೇಲೆ ‘ಚಾ ಆತೇನ್ರಿ?’ ಮಧ್ಯಾಹ್ನಕ್ಕೆ ‘ಊಟಾತ್ರಿ?’ ಸಂಜೆ ‘ಹೊಂಟ್ರ್ಯಾ?’ ಯಾರಾದರೂ ಚೀಲ ಹಿಡಿದು ಹೊರಟಿದ್ದರೆ ‘ಎಲ್ಲಿಗೆ’ ಎಂದು ಕೇಳಬಾರದು, ಅಪಶಕುನ. ಅದಕ್ಕೂ ದಾರಿ ಇದೆ: ‘ದೂರ ಹೊಂಟೀರೇನ್ರಿ?’ ಅವನು ಹೇಳಬೇಕೆಂದಿದ್ದರೆ ಹೇಳುತ್ತಾನೆ. ಇಲ್ಲದಿದ್ದರೆ ‘ಇಲ್ಲೇ ರೀ’ ಎಂದು ಮುಂದೆ ಹೋಗುತ್ತಾನೆ. ಯಾರ ಗುಟ್ಟೂ ಹೊರಬೀಳಲಿಲ್ಲ, ಯಾರ ಮುಖವೂ ಬಾಡಲಿಲ್ಲ. ಉಣ್ಣುವಾಗ ಯಾರಾದರೂ ಬಂದರೆ ‘ಬರ್ರಿ, ಊಟಾ ಮಾಡೂಣು’. ಅದಕ್ಕೆ ಉತ್ತರ ‘ನೀವ್ ಮಾಡ್ರಿ, ನಮ್ದಾತು’. ಹೊರಡುವಾಗ ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನ್ರಿ’ ಎನ್ನುತ್ತೇವೆ. ಅಂದರೆ ಇದು ಕೊನೆಯಲ್ಲ, ಮತ್ತೆ ಬರುತ್ತೇನೆ ಎಂದು ಮಾತು ಕೊಟ್ಟು ಹೋಗುವುದು.

ಈಗ ಹೇಳಿ, ಕಾರಿಡಾರಿನಲ್ಲಿ ಮೂರನೇ ಸಲ ಎದುರಾದವನಿಗೆ ಏನು ಹೇಳಬೇಕೆಂಬ ಪೇಚಾಟ ಎಲ್ಲಿಂದ ಬಂತು? ಗುಡ್ ಮಾರ್ನಿಂಗ್ ಗಡಿಯಾರ ನೋಡಿ ಹೇಳುವ ಮಾತು. ಒಮ್ಮೆ ಹೇಳಿದರೆ ಖರ್ಚಾಗಿ ಹೋಗುತ್ತದೆ. ನಮ್ಮ ಮಾತು ಎದುರಿನ ಮನುಷ್ಯನನ್ನು ನೋಡಿ ಹೇಳುವುದು. ಅವನು ಉಂಡನೇ, ದಣಿದನೇ, ಹೊರಟನೇ ಎಂದು ನೋಡಿ ಆಡುವ ಮಾತು ಖರ್ಚಾಗುವುದು ಹೇಗೆ?

ಜಪಾನಿನ ಆಫೀಸುಗಳಲ್ಲಿ ಸಹೋದ್ಯೋಗಿಗಳು ಎದುರಾದರೆ ‘ಒತ್ಸುಕರೆಸಮ’ ಎನ್ನುತ್ತಾರೆ. ದಣಿದಿದ್ದೀರಿ, ನಿಮ್ಮ ಶ್ರಮ ದೊಡ್ಡದು ಎಂಬ ಅರ್ಥ. ಕಾರಿಡಾರಿನಲ್ಲೂ ಅದೇ, ಮನೆಗೆ ಹೊರಡುವಾಗಲೂ ಅದೇ. ಅಷ್ಟು ದೊಡ್ಡ ಕಾರ್ಖಾನೆ, ಅಷ್ಟು ದೊಡ್ಡ ಕಂಪನಿ ಕಟ್ಟಿದವರಿಗೆ ತಮ್ಮ ಮಾತಿನಲ್ಲಿ ಮಾತಾಡಿಸಿದರೆ ಮರ್ಯಾದೆ ಹೋಗಲಿಲ್ಲ. ಚೀನಾದಲ್ಲಿ ‘ಊಟ ಆಯಿತೇ’ ಎಂದು ಕೇಳುವುದು ಹಳೆಯ ರೂಢಿ. ನಮ್ಮ ಪಕ್ಕದ ತಮಿಳರು ‘ವಣಕ್ಕಂ’ ಎನ್ನಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನಮಗೆ ಮಾತ್ರ ‘ಊಟಾತ್ರಿ’ ಎಂದರೆ ಹಳ್ಳಿಗ ಎಂದುಬಿಡುತ್ತಾರೋ ಎಂಬ ಅಂಜಿಕೆ!

ಕಾಣುವುದನ್ನೇ ಕೇಳುವುದು ದಡ್ಡತನವೇ?

ನಗರದ ಜಾಣರು ಒಂದು ಹಾಸ್ಯ ಮಾಡುತ್ತಾರೆ. ಹೊಲದಲ್ಲಿ ಕೂರಿಗೆ ಹಿಡಿದವನಿಗೆ ‘ಏನ್ರಿ, ಬಿತ್ತಿಗಿ ನಡಸೀರೇನ್ರಿ?’ ಎಂದು ಕೇಳುತ್ತಾರಂತೆ. ಕಟ್ಟೆಯ ಮೇಲೆ ಕುಳಿತ ಮುದುಕನಿಗೆ ‘ಏನಜ್ಜಾ, ಕುಂತೀಯೇನು?’ ಎನ್ನುತ್ತಾರಂತೆ. ಕಣ್ಣಿಗೆ ಕಾಣುವುದಿಲ್ಲವೇ, ಕೇಳುವುದು ಯಾಕೆ ಎಂದು ಇವರ ನಗು.

ಜಾಣರೇ, ‘ಹೌ ಆರ್ ಯು’ ಎಂದು ಕೇಳಿ ಉತ್ತರ ಬರುವ ಮೊದಲೇ ಹತ್ತು ಹೆಜ್ಜೆ ಮುಂದೆ ಹೋಗುವವರು ನೀವು. ನಮ್ಮ ರೈತನನ್ನು ನೋಡಿ ನಗುತ್ತೀರಾ? 1923ರಲ್ಲೇ ಮಲಿನೋವ್ಸ್ಕಿ ಎಂಬ ವಿದ್ವಾಂಸ, ದೂರದ ದ್ವೀಪದ ಜನರ ನಡುವೆ ಬದುಕಿ ಬಂದವನು, ಇಂಥ ಮಾತುಗಳ ಬಗ್ಗೆ ಬರೆದಿದ್ದಾನೆ. ಇವು ಸುದ್ದಿ ತಿಳಿಸುವ ಮಾತುಗಳಲ್ಲ, ಮನುಷ್ಯರನ್ನು ಒಬ್ಬರಿಗೊಬ್ಬರು ಕಟ್ಟುವ ಮಾತುಗಳು ಎಂದು ವಿವರಿಸಿದ್ದಾನೆ. ನಮ್ಮ ಇಳಕಲ್ಲಿನ ನೇಕಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಇಲ್ಲದೆ ಇಳಕಲ್ ಸೀರೆಯೇ ಇಲ್ಲ. ‘ಆರಾಮ್ರಿ?’ ಎಂಬುದೂ ಅಂಥ ಒಂದು ಕೊಂಡಿ. ಕುಣಿಮಗ್ಗದಲ್ಲಿ ಕುಳಿತ ನೇಕಾರನ ಕಾಲು ಕುಣಿಯೊಳಗೆ, ಕೈ ಲಾಳಿಯ ಮೇಲೆ. ಎದ್ದು ನಿಂತು ಕೈ ಮುಗಿಯಲು ಆಗುವುದಿಲ್ಲ. ಮಗ್ಗ ನಿಲ್ಲಿಸದೆಯೇ ‘ಬರ್ರಿ’ ಎನ್ನುತ್ತಾನೆ. ಕೆಲಸವೂ ನಿಲ್ಲಲಿಲ್ಲ, ಬಂದವನ ಮಾನವೂ ಉಳಿಯಿತು. ಕೆಲಸದಲ್ಲಿ ಇದ್ದೆ, ಅದಕ್ಕೇ ಮಾತಾಡಿಸಲಿಲ್ಲ ಎನ್ನುವವರು ಒಮ್ಮೆ ಬಂದು ಮಗ್ಗದ ಮನೆ ನೋಡಿ ಹೋಗಲಿ.

ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿ ಓಣಿಗಳೇ ಹೋದವು. ಓಣಿಗಳಿಗೆ ಹೆಸರಿದ್ದವು. ನವನಗರದಲ್ಲಿ ಸೆಕ್ಟರಿಗೆ ನಂಬರ್ ಬಂತು. ಕಟ್ಟೆಗಳು ಹೋದವು, ಕಾಂಪೌಂಡ್ ಗೋಡೆಗಳು ಬಂದವು. ಆದರೂ ಇವತ್ತು ನವನಗರದ ತರಕಾರಿ ಸಂತೆಗೆ ಹೋಗಿ ನೋಡಿ. ‘ಆರಾಮದೀರಿ?’ ಎಂಬ ದನಿ ಕೇಳುತ್ತದೆ. ಮನೆ ಕಳೆದುಕೊಂಡ ಜನ ಮಾತು ಕಳೆದುಕೊಳ್ಳಲಿಲ್ಲ. ಡ್ಯಾಮಿನ ನೀರು ಮುಳುಗಿಸದ ಮಾತನ್ನು ನೀವು ಎಸಿ ಆಫೀಸಿನಲ್ಲಿ ಮುಳುಗಿಸಿದಿರಿ!

ಒಂದು ಕಹಿ ಮಾತು

ಇಲ್ಲಿ ಒಬ್ಬ ತರುಣ ಎದ್ದು ನಿಂತು ಕೇಳಬಹುದು: ‘ನಿಮ್ಮ ಊರಿನ ಶರಣ್ರಿಯ ಚೆಂದ ನಮಗೆ ಗೊತ್ತಿದೆ. ನಮ್ಮಪ್ಪ ಶರಣ್ರಿ ಎಂದರೆ ಗೌಡ ಹ್ಞೂಂ ಎನ್ನುತ್ತಿದ್ದ. ನಮ್ಮಪ್ಪನಿಗೆ ಎಪ್ಪತ್ತು ವರ್ಷವಾದರೂ ಗೌಡನ ಹತ್ತು ವರ್ಷದ ಮಗ ಬಾರಲೇ ಎನ್ನುತ್ತಿದ್ದ. ಗುಡ್ ಮಾರ್ನಿಂಗಿನಲ್ಲಿ ಜಾತಿ ಇಲ್ಲ, ಅದಕ್ಕೇ ನಾನು ಅದನ್ನು ಹಿಡಿದೆ.’

ಈ ತರುಣನ ಮಾತಿಗೆ ತಲೆಬಾಗಲೇಬೇಕು. ಅವನು ಹೇಳುವುದು ಸುಳ್ಳಲ್ಲ. ಕನ್ನಡದ ಹೆಸರಿನಲ್ಲಿ ಆ ಹಳೆಯ ಗತ್ತನ್ನು ಮತ್ತೆ ತರುವುದಾದರೆ ಅಂಥ ಕನ್ನಡ ಯಾರಿಗೂ ಬೇಡ. ಆದರೆ ತಮ್ಮಾ, ಗುಡ್ ಮಾರ್ನಿಂಗಿನಲ್ಲಿ ನಿಜವಾಗಿ ಮೇಲು ಕೀಳು ಇಲ್ಲವೇ? ನಾಳೆ ನಿನ್ನ ಆಫೀಸಿನಲ್ಲೇ ಲೆಕ್ಕ ಹಾಕು. ಮೊದಲು ಹೇಳುವವರು ಯಾರು? ಸಣ್ಣ ಸಂಬಳದವನು. ತಲೆ ಅಲ್ಲಾಡಿಸುವವರು ಯಾರು? ದೊಡ್ಡ ಸಂಬಳದವನು. ‘ಗುಡ್ ಮಾರ್ನಿಂಗ್ ಸರ್’ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಮೇಲಿನಿಂದ ಕೆಳಕ್ಕೆ ಎಷ್ಟು ಸಲ ಇಳಿಯುತ್ತದೆ? ಇನ್ನು ಕಸ ಗುಡಿಸುವ ಅಕ್ಕನಿಗೆ, ಗೇಟಿನ ಕಾವಲುಗಾರನಿಗೆ, ಚಹಾ ತರುವ ಹುಡುಗನಿಗೆ ಅದೂ ಇಲ್ಲ, ಇದೂ ಇಲ್ಲ. ಅವರ ಪಕ್ಕದಲ್ಲಿ ಗೋಡೆಯ ಪಕ್ಕ ಹೋದ ಹಾಗೆ ಹೋಗುತ್ತಾರೆ. ಗೌಡನ ಕಟ್ಟೆ ಹೋಗಿ ಕ್ಯಾಬಿನ್ ಬಂತು, ಅಷ್ಟೇ!

ಹರಳಯ್ಯನ ದಾರಿಯಲ್ಲಿ

ಈ ರೋಗಕ್ಕೆ ಮದ್ದು ಹುಡುಕಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಹುನಗುಂದ ತಾಲೂಕಿನಲ್ಲೇ ಕೃಷ್ಣಾ ಮಲಪ್ರಭಾ ಕೂಡುವ ಕೂಡಲಸಂಗಮ ಇದೆ. ಅಲ್ಲಿ ಬೆಳೆದ ಬಸವಣ್ಣ 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಯಾಗಿದ್ದಾಗ ನಡೆದದ್ದೆಂದು ಜನ ಹೇಳಿಕೊಂಡು ಬಂದ ಕಥೆಯೊಂದಿದೆ. ದಾರಿಯಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯ ಎದುರಾಗಿ ‘ಶರಣು’ ಎಂದನಂತೆ. ಮಂತ್ರಿ ಬಸವಣ್ಣ ತಲೆ ಅಲ್ಲಾಡಿಸಿ ಮುಂದೆ ಹೋಗಲಿಲ್ಲ. ‘ಶರಣು ಶರಣಾರ್ಥಿ’ ಎಂದು ಒಂದಕ್ಕೆ ಎರಡು ಕೊಟ್ಟನಂತೆ. ಆ ಹೆಚ್ಚಿನ ಒಂದು ಶರಣಿನ ಭಾರ ಹೊರಲಾಗದೆ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದರು ಎನ್ನುತ್ತದೆ ಕಥೆ.

ಈ ಕಥೆಯನ್ನು ಭಕ್ತಿಯ ಕಥೆ ಎಂದು ಪುರಾಣದಲ್ಲಿ ಕೇಳಿ ಕೈ ಮುಗಿದು ಎದ್ದು ಬರುತ್ತೇವೆ. ಇದು ಎದುರಾದಾಗ ಏನು ಮಾಡಬೇಕೆಂಬ ಕಥೆಯೂ ಹೌದು. ದಾರಿಯಲ್ಲಿ ಹೋಗುವಾಗ ಆಡಿದ ಒಂದು ಮಾತು, ಅದೂ ಮೇಲಿನವನು ಕೆಳಗಿನವನಿಗೆ ತಿರುಗಿ ಕೊಟ್ಟ ಮಾತು, ಒಬ್ಬ ಮನುಷ್ಯನನ್ನು ಅಷ್ಟು ಅಲ್ಲಾಡಿಸಿತು. ಯಾಕೆ? ಅದುವರೆಗೆ ಅವನಿಗೆ ಯಾರೂ ತಿರುಗಿ ಶರಣು ಎಂದಿರಲಿಲ್ಲ! ಬಂದವರನ್ನು ಕ್ಷೇಮವೇ ಎಂದು ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂಬ ಅರ್ಥದಲ್ಲಿ ಬಸವಣ್ಣ ಒಂದು ವಚನವನ್ನೇ ಹೇಳಿದ್ದಾರೆ. ಇವತ್ತಿನ ಆಫೀಸಿನ ಕಾರಿಡಾರಿಗೆಂದೇ ಬರೆದ ಹಾಗಿದೆ.

2024ರ ಜನವರಿಯಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಹಾಕಲು ಆದೇಶವಾಯಿತು. ಬಹಳ ಸಂತೋಷ. ಆದರೆ ಆ ಪಟದ ಕೆಳಗೆ ಕುಳಿತವರಿಗೆ ಒಂದು ಪ್ರಶ್ನೆ. ಪಹಣಿಗಾಗಿ ಹತ್ತು ಮೈಲಿ ನಡೆದು ಬಂದ ರೈತ ಟೇಬಲ್ಲಿನ ಮುಂದೆ ನಿಂತು ‘ಶರಣ್ರಿ ಸಾಹೇಬ್ರ’ ಎಂದಾಗ ನಿಮ್ಮಲ್ಲಿ ಎಷ್ಟು ಜನ ತಲೆ ಎತ್ತುತ್ತೀರಿ? ‘ಶರಣು ಶರಣಾರ್ಥಿ’ ಬೇಡ, ‘ಬರ್ರಿ, ಕುಂದರ್ರಿ’ ಎನ್ನುವವರು ಎಷ್ಟು? ಪಟಕ್ಕೆ ಹಾರ, ರೈತನಿಗೆ ‘ನಾಳೆ ಬಾ’!

ಶುದ್ಧ ಕನ್ನಡದ ಜಗಳ ಬೇಡ

ಇನ್ನೊಂದು ಗುಂಪಿದೆ. ‘ಆರಾಮ’ ಕನ್ನಡವೇ ಎಂದು ಇವರು ಕೇಳುತ್ತಾರೆ. ಅಲ್ಲ, ಪಾರಸಿಯಿಂದ ಬಂದದ್ದು. ‘ಸಲಾಮ್’ ಅರಬ್ಬಿಯದು. ‘ನಮಸ್ಕಾರ’, ‘ಶರಣು’ ಸಂಸ್ಕೃತದಿಂದ ಬಂದವು. ಹಾಗಾದರೆ ಯಾವುದನ್ನೂ ಬಿಡಬೇಕಿಲ್ಲ. ನಮ್ಮ ಕಡೆಯ ಜನ ಪ್ರತಿಯೊಂದರ ಬಾಲಕ್ಕೂ ಒಂದು ‘ರಿ’ ಹಚ್ಚಿ ಕನ್ನಡ ಮಾಡಿಕೊಂಡರು. ಆರಾಮ್ರಿ, ಸಲಾಮ್ರಿ, ನಮಸ್ಕಾರ್ರಿ, ಶರಣ್ರಿ. ಆ ‘ರಿ’ ನೋಡಿ! ಒಂದೇ ಅಕ್ಷರ. ಅದನ್ನು ಹೌದಿಗೂ ಹಚ್ಚಬಹುದು, ಇಲ್ಲಕ್ಕೂ ಹಚ್ಚಬಹುದು. ಕಲೆಕ್ಟರಿಗೂ ಕೊಡಬಹುದು, ಹಮಾಲನಿಗೂ ಕೊಡಬಹುದು. ಅದಕ್ಕೆ ಬಿಲ್ಲೆ ಬೇಕಿಲ್ಲ, ಹುದ್ದೆ ಬೇಕಿಲ್ಲ. ‘ಸರ್’ ಎನ್ನುವ ಮೊದಲು ಎದುರಿನವನು ಸರ್ ಹೌದೋ ಅಲ್ಲವೋ ನೋಡಬೇಕು. ‘ರಿ’ ಎನ್ನುವುದಕ್ಕೆ ಮನುಷ್ಯ ಹೌದೋ ಅಲ್ಲವೋ ನೋಡಿದರೆ ಸಾಕು. ಹಿಂದೆ ಇದನ್ನು ಕೆಲವರಿಗೆ ಕೊಡದೆ ಬಚ್ಚಿಟ್ಟುಕೊಂಡರು. ತಪ್ಪು ಅವರದು, ಅಕ್ಷರದ್ದಲ್ಲ. ಈಗ ಎಲ್ಲರಿಗೂ ಹಂಚುವುದು ನಿಮ್ಮ ಕೈಯಲ್ಲಿದೆ.

ಆದರೆ ನಮ್ಮ ಹುಡುಗರು ಬೆಂಗಳೂರಿಗೆ ಹೋದ ಮೊದಲ ವಾರವೇ ಈ ‘ರಿ’ಯನ್ನು ಬಚ್ಚಿಡುತ್ತಾರೆ. ಬೇರೆ ಭಾಷೆಯವರಿಗೆ ಅಂಜಿ ಅಲ್ಲ. ಕನ್ನಡಿಗರೇ ನಗುತ್ತಾರೆ ಎಂದು! ‘ಏನ್ರಿ ಸಾಹೇಬ್ರ’ ಎಂದು ಅಣಕಿಸುವವರು, ಸಿನಿಮಾದ ಹಾಸ್ಯ ಪಾತ್ರದ ದನಿ ತೆಗೆದು ಕೆಣಕುವವರು, ಅವರೂ ಕನ್ನಡ ಬಾವುಟ ಹಿಡಿಯುವವರೇ. ಬೆಂಗಳೂರು, ಮೈಸೂರಿನ ಮಿತ್ರರೇ, ನಿಮಗೆ ನೇರವಾಗಿ ಹೇಳುತ್ತೇನೆ. ಬಾಗಲಕೋಟೆಯ ಹುಡುಗ ನಿಮ್ಮ ನಗುವಿಗೆ ಅಂಜಿ ತನ್ನ ಮಾತು ಬಿಟ್ಟರೆ ನಿಮ್ಮ ಕನ್ನಡಕ್ಕೆ ಬರುವುದಿಲ್ಲ. ಸೀದಾ ಇಂಗ್ಲಿಷಿಗೆ ಹೋಗುತ್ತಾನೆ. ನೀವು ನಕ್ಕಿದ್ದು ಒಬ್ಬ ಹುಡುಗನನ್ನು, ಕಳೆದುಕೊಂಡದ್ದು ಒಬ್ಬ ಕನ್ನಡಿಗನನ್ನು.

ಆದೇಶ ಬೇಡ, ಅಭ್ಯಾಸ ಬೇಕು

ಇದಕ್ಕೂ ಒಂದು ಕಾನೂನು ಮಾಡಲಿ ಎಂದು ಕೆಲವರು ಹೊರಡಬಹುದು. 2022ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ನೌಕರರು ಫೋನಿನಲ್ಲಿ ‘ಹಲೋ’ ಬದಲು ‘ವಂದೇ ಮಾತರಂ’ ಎನ್ನಬೇಕೆಂದು ಆದೇಶ ಹೊರಡಿಸಿತು. ಆದೇಶದಿಂದ ಬರುವ ಮಾತು ಹಾಜರಿ ಪುಸ್ತಕದ ಸಹಿ ಇದ್ದ ಹಾಗೆ. ಸಹಿ ಇರುತ್ತದೆ, ಮನುಷ್ಯ ಇರುವುದಿಲ್ಲ. ಆ ‘ಹಲೋ’ ಆದರೂ ಆದೇಶದಿಂದ ಬಂದದ್ದೇ? ಟೆಲಿಫೋನ್ ಕಂಡುಹಿಡಿದ ಬೆಲ್‌ಗೆ ‘ಅಹಾಯ್’ ಎಂಬ ಮಾತು ಬೇಕಿತ್ತು. ‘ಹಲೋ’ ಸಾಕು ಎಂದು 1877ರಲ್ಲಿ ಪತ್ರ ಬರೆದವನು ಎಡಿಸನ್. ಜನ ದಿನವೂ ಆಡಿದರು, ಅದೇ ನಿಂತಿತು. ಟೆಲಿಫೋನ್ ಕಂಡುಹಿಡಿದವನ ಮಾತೇ ಸೋತಿತು! ದಿನವೂ ಆಡಿದ ಮಾತು ಗೆಲ್ಲುತ್ತದೆ, ದಿನವೂ ಬಿಟ್ಟ ಮಾತು ಸಾಯುತ್ತದೆ.

ಆದ್ದರಿಂದ ತರುಣ ಮಿತ್ರರೇ, ಧರಣಿ ಬೇಡ, ಮನವಿ ಪತ್ರ ಬೇಡ, ಚಂದಾ ಬೇಡ. ನಾಲ್ಕು ಕೆಲಸ ಮಾಡಿ.

ಒಂದು. ಆಫೀಸಿನ ಗೇಟಿನಲ್ಲಿ ನಿಂತ ಕಾವಲುಗಾರನಿಂದಲೇ ಶುರು ಮಾಡಿ. ಅವನು ಸೆಲ್ಯೂಟ್ ಹೊಡೆಯುವ ಮೊದಲು ನೀವೇ ‘ಆರಾಮ್ರಿ?’ ಎನ್ನಿ. ಮೈಸೂರಿನವರಾದರೆ ‘ಚೆನ್ನಾಗಿದ್ದೀರಾ?’ ಎನ್ನಿ. ಮಾತು ನಿಮ್ಮ ಊರಿನದೇ ಇರಲಿ.

ಎರಡು. ಎರಡನೇ ಸಲ, ಮೂರನೇ ಸಲ ಎದುರಾದರೆ ಮೊಬೈಲಿಗೆ ಕೈ ಹಾಕಬೇಡಿ. ‘ಚಾ ಆತ್ರಿ?’, ‘ಊಟಾತ್ರಿ?’, ‘ಕೆಲಸ ಭಾಳ ಐತೇನ್ರಿ?’ ಉತ್ತರ ಬರುವ ತನಕ ಒಂದು ಕ್ಷಣ ನಿಲ್ಲಿ. ಕೇಳಿ ಓಡಿದರೆ ಅದೂ ಇನ್ನೊಂದು ‘ಹೌ ಆರ್ ಯು’ ಆಗುತ್ತದೆ.

ಮೂರು. ನೀವು ಮೇಲಿನ ಹುದ್ದೆಯಲ್ಲಿದ್ದರೆ ಮೊದಲ ಮಾತು ನಿಮ್ಮದೇ ಆಗಲಿ. ಕೆಳಗಿನವರು ಮೊದಲು ಹೇಳಿಬಿಟ್ಟರೆ ಹರಳಯ್ಯನಿಗೆ ಸಿಕ್ಕ ಹಾಗೆ ಒಂದಕ್ಕೆ ಎರಡು ತಿರುಗಿ ಕೊಡಿ.

ನಾಲ್ಕು. ಪಕ್ಕದ ಟೇಬಲ್ಲಿನಲ್ಲಿ ಬಿಹಾರದವನೋ ಕೇರಳದವನೋ ಇದ್ದರೆ ಅವನಿಗೂ ಅದೇ ಮಾತು ಹೇಳಿ. ಹತ್ತು ದಿನ ಕೇಳಿದರೆ ಹನ್ನೊಂದನೇ ದಿನ ಅವನೇ ‘ಊಟಾತ್ರಿ?’ ಎನ್ನುತ್ತಾನೆ. ಕನ್ನಡ ಕಲಿಸಲು ಇದಕ್ಕಿಂತ ಸಸ್ತಾ ಶಾಲೆ ಇಲ್ಲ. ಬೈದು ಕಲಿಸಿದ ಕನ್ನಡ ಬೈಗುಳವಾಗಿಯೇ ಉಳಿಯುತ್ತದೆ.

ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುವ ಪ್ರತಿ ಮದುವೆ ಪತ್ರಿಕೆಯಲ್ಲೂ ಆದರದ ಸ್ವಾಗತ, ಸುಖಾಗಮನ ಎಂದು ಕನ್ನಡ ತುಂಬಿ ತುಳುಕುತ್ತದೆ. ಅಚ್ಚಿನ ಕೆಲಸ ನಾವು ಮಾಡುತ್ತೇವೆ. ಆದರೆ ಕಾಗದದ ಮೇಲೆ ಎಷ್ಟು ಕನ್ನಡ ಒತ್ತಿದರೂ, ಎದುರಿಗೆ ಬಂದವನ ಮುಂದೆ ನಿಮ್ಮ ಬಾಯಿ ತೆರೆಯದಿದ್ದರೆ ಅದೆಲ್ಲ ರದ್ದಿ. ನಾಳೆ ಬೆಳಿಗ್ಗೆ ಆಫೀಸಿನ ಗೇಟಿನಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಮೊದಲ ಮಾತು ನಿಮ್ಮದು.